ಸಮದುಃಖಿಗಳ ಸಂಗ

ಮನುಷ್ಯನು ತನ್ನ ದೇಹವನ್ನು ನೆನೆಯುವುದು ಅದು ತನ್ನ ಮಾತನ್ನು ಕೇಳದೆ ಹೋದಾಗ. ಆರೋಗ್ಯವಿರುವವರೆಗೆ ಎತ್ತಬೇಕೆಂದಾಗ ಕೈ ಏಳುತ್ತದೆ, ನಡೆಯಬೇಕೆಂದಾಗ ಕಾಲು ಮುಂದಾಗುತ್ತದೆ. ಸಂಕಲ್ಪಕ್ಕೂ ಕ್ರಿಯೆಗೂ ನಡುವೆ ಒಂದು ಸೇತುವೆ ಇದೆಯೆಂಬುದೇ ಅವನ ಅರಿವಿಗೆ ಬಾರದು. ಆ ಸೇತುವೆ ಶಿಥಿಲವಾದ ದಿನ, ನೀರಿನ ಲೋಟವನ್ನು ಹಿಡಿದ ಕೈ ತಾನೇ ತಾನಾಗಿ ನಡುಗಿ ನಾಲ್ವರ ಮುಂದೆ ನೀರು ಚೆಲ್ಲಿದ ದಿನ, ಅವನಲ್ಲಿ ಮೊದಲು ಹುಟ್ಟುವುದು ನೋವಲ್ಲ, ನಾಚಿಕೆ. ನಾಚಿಕೆಯು ಮನುಷ್ಯನನ್ನು ಮರೆಗೆ ಒಯ್ಯುತ್ತದೆ. ಅವನು ಮದುವೆಮನೆಗೆ ಹೋಗುವುದನ್ನು ಬಿಡುತ್ತಾನೆ; ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದನ್ನು ಬಿಡುತ್ತಾನೆ; ಕೊನೆಗೆ ಬಾಗಿಲಿಗೆ ಬಂದವರೊಡನೆ ಮಾತನಾಡುವುದನ್ನೂ ಬಿಡುತ್ತಾನೆ. ವ್ಯಾಧಿಯು ದೇಹಕ್ಕೆ ಮಾಡುವ ಹಾನಿ ಒಂದಾದರೆ, ಈ ಮರೆಯು ಜೀವಕ್ಕೆ ಮಾಡುವ ಹಾನಿ ಇನ್ನೊಂದು. ಮೊದಲನೆಯದಕ್ಕೆ ವೈದ್ಯನುಂಟು, ಎರಡನೆಯದಕ್ಕೆ ಯಾರುಂಟು?

ಸಂಗವೇ ಅದಕ್ಕೆ ಔಷಧವೆಂದು ಹೇಳುವುದು ಸುಲಭ. ಸಜ್ಜನರ ಸಂಗ, ಶರಣರ ಸಂಗ ಎಂಬ ಮಾತುಗಳು ಸದ್ಭಕ್ತರ ಕಿವಿಗೆ ಹೊಸವಲ್ಲ. ಆದರೆ ರೋಗಿಯಾದವನು ಅದೇ ರೋಗದಿಂದ ನರಳುವವರ ಸಂಗವನ್ನು ಅರಸಿ ಹೋಗಬೇಕೇ? ದುಃಖಿಯು ದುಃಖಿಗಳ ನಡುವೆ ಕುಳಿತರೆ ದುಃಖ ಇಮ್ಮಡಿಸುವುದಿಲ್ಲವೇ? ತನಗಿಂತ ಹೆಚ್ಚು ಜರ್ಜರಿತನಾದವನನ್ನು ಕಣ್ಣಾರೆ ಕಂಡು ಧೈರ್ಯಗೆಡುವುದಕ್ಕಿಂತ ಮನೆಯಲ್ಲಿ ಶಿವಧ್ಯಾನ ಮಾಡಿಕೊಂಡಿರುವುದೇ ಮೇಲಲ್ಲವೇ? ಇದು ಬರಿಯ ಲೋಕವ್ಯವಹಾರದ ಪ್ರಶ್ನೆಯಲ್ಲ. ಮನುಷ್ಯನು ಮನುಷ್ಯನನ್ನು ಯಾವ ಕಣ್ಣಿನಿಂದ ನೋಡಬೇಕು ಎಂಬ ಧರ್ಮದ ಪ್ರಶ್ನೆ ಇದರಲ್ಲಿ ಅಡಗಿದೆ. ಪಾರ್ಕಿನ್‌ಸನ್ ವ್ಯಾಧಿಯುಳ್ಳವರು ದೇಶದೇಶಗಳಿಂದ ಬಂದು ಕೂಡುವ ಸಮ್ಮೇಳನವೊಂದನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸುವುದು ಉಚಿತ.

ಈ ವ್ಯಾಧಿಗೆ ಹೆಸರನ್ನಿತ್ತ ಜೇಮ್ಸ್ ಪಾರ್ಕಿನ್‌ಸನ್ನನು ಲಂಡನ್ ನಗರದ ಹಾಕ್ಸ್‌ಟನ್ ಎಂಬಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದವನು. ೧೮೧೭ರಲ್ಲಿ ಅವನು ನಡುಗುವ ಪಾರ್ಶ್ವವಾಯುವನ್ನು ಕುರಿತು ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದನು. ಅದರಲ್ಲಿ ಆರು ಮಂದಿಯ ವೃತ್ತಾಂತವಿದೆ. ಆ ಆರು ಮಂದಿಯಲ್ಲಿ ಇಬ್ಬರು ಬೀದಿಯಲ್ಲಿ ಅಕಸ್ಮಾತ್ತಾಗಿ ಎದುರಾದವರು; ಒಬ್ಬನನ್ನಂತೂ ಅವನು ದೂರದಿಂದ ನೋಡಿದ್ದಷ್ಟೇ. ಬಾಗಿದ ಬೆನ್ನು, ಓಡುವಂತಿರುವ ಸಣ್ಣ ಹೆಜ್ಜೆ, ಸುಮ್ಮನಿರುವಾಗಲೂ ನಡುಗುವ ಕೈ ಇವುಗಳನ್ನು ಅವನ ಸೂಕ್ಷ್ಮದೃಷ್ಟಿ ಹಿಡಿಯಿತು. ಅರ್ಧ ಶತಮಾನಕ್ಕೂ ಮೀರಿದ ಕಾಲದ ಮೇಲೆ ಪ್ಯಾರಿಸಿನ ಮಹಾವೈದ್ಯ ಶಾರ್ಕೊ ಈ ವ್ಯಾಧಿಗೆ ಪಾರ್ಕಿನ್‌ಸನ್ನನ ಹೆಸರನ್ನೇ ಇಟ್ಟನು. ನಡುಕವಿಲ್ಲದೆಯೂ ಈ ವ್ಯಾಧಿ ಇರಬಹುದೆಂಬುದನ್ನು ತೋರಿಸಿದವನೂ ಅವನೇ. ಪಾರ್ಕಿನ್‌ಸನ್ನನ ಜನ್ಮದಿನವಾದ ಏಪ್ರಿಲ್ ೧೧ ಇಂದು ಈ ವ್ಯಾಧಿಯ ವಿಶ್ವದಿನವಾಗಿದೆ. ಆ ಪ್ರಬಂಧವು ಎಷ್ಟು ಶ್ಲಾಘ್ಯವಾದರೂ ಅದು ಹೊರಗಿನಿಂದ ಕಂಡ ನೋಟ. ಬೀದಿಯಲ್ಲಿ ಎದುರಾದ ಆ ಮನುಷ್ಯನ ಒಳಗೆ ಏನು ನಡೆಯುತ್ತಿತ್ತೆಂಬುದು ಅದರಲ್ಲಿ ಅಲ್ಪವೇ ದೊರೆಯುತ್ತದೆ. ದೂರದಿಂದ ಕಾಣಲ್ಪಟ್ಟವನು ತನ್ನ ಬಾಯಿಂದಲೇ ಮಾತನಾಡುವ ಕಾಲ ಬರಲು ಎರಡು ಶತಮಾನಗಳೇ ಹಿಡಿದವು.

ವ್ಯಾಧಿಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬಹುದು. ಮಿದುಳಿನ ಬುಡಭಾಗದಲ್ಲಿ ಕರಿಯ ಬಣ್ಣದಿಂದ ಕೂಡಿದ ಒಂದು ಚಿಕ್ಕ ಪ್ರದೇಶವುಂಟು. ಅಲ್ಲಿಯ ಕಣಗಳು ಡೋಪಮೀನ್ ಎಂಬ ರಸವನ್ನು ಉತ್ಪಾದಿಸುತ್ತವೆ. ಚಲನೆಯು ಸರಾಗವಾಗಿ ಸಾಗಲು ಈ ರಸ ಬೇಕು. ಯಾವುದೋ ಕಾರಣದಿಂದ ಆ ಕಣಗಳು ಒಂದೊಂದಾಗಿ ಅಳಿಯತೊಡಗುತ್ತವೆ. ಗಣನೀಯ ಭಾಗ ಅಳಿದ ಮೇಲೆಯೇ ಚಲನೆಯ ದೋಷ ಹೊರಗೆ ಕಾಣುತ್ತದೆ. ಕೈ ನಡುಗುತ್ತದೆ, ಅಂಗಗಳು ಬಿಗಿಯುತ್ತವೆ, ಚಲನೆ ನಿಧಾನವಾಗುತ್ತದೆ, ಬರೆವಣಿಗೆ ಸಣ್ಣದಾಗುತ್ತದೆ, ದನಿ ಕುಗ್ಗುತ್ತದೆ, ಮುಖದ ಸ್ನಾಯುಗಳು ಸ್ತಬ್ಧವಾಗಿ ನಗೆಯೂ ಅಳುವೂ ಮುಖದ ಮೇಲೆ ಮೂಡದಂತಾಗುತ್ತವೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ರೆಯ ವಿಕಾರಗಳು ಎಷ್ಟೋ ವರ್ಷ ಮೊದಲೇ ಬಂದಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೧೯ರಲ್ಲಿ ಜಗತ್ತಿನಲ್ಲಿ ೮೫ ಲಕ್ಷಕ್ಕೂ ಹೆಚ್ಚು ಜನ ಈ ವ್ಯಾಧಿಯೊಡನೆ ಬಾಳುತ್ತಿದ್ದರು. ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ. ಲಕ್ಷಣಗಳನ್ನು ಹತೋಟಿಯಲ್ಲಿಡುವ ಮದ್ದುಗಳುಂಟು. ಆದ್ದರಿಂದ ಈ ವ್ಯಾಧಿಯವನು ಅದನ್ನು ಗೆದ್ದು ಮರಳುವ ಯೋಧನಲ್ಲ. ಅದರ ಜೊತೆಯಲ್ಲಿಯೇ ಹತ್ತು, ಇಪ್ಪತ್ತು ವರ್ಷ ಸಂಸಾರ ಮಾಡಬೇಕಾದವನು. ಹೇಗೆ ಬಾಳಬೇಕೆಂಬ ಪ್ರಶ್ನೆ ಅವನಿಗೆ ಹೇಗೆ ವಾಸಿಯಾದೇನೆಂಬ ಪ್ರಶ್ನೆಗಿಂತ ಹತ್ತಿರದ್ದು.

೨೦೦೬ರಲ್ಲಿ ಅಮೆರಿಕದ ವಾಷಿಂಗ್‌ಟನ್ನಿನಲ್ಲಿ ಮೊದಲ ವಿಶ್ವ ಪಾರ್ಕಿನ್‌ಸನ್ ಸಮ್ಮೇಳನವು ನೆರೆಯಿತು. ಅನಂತರ ೨೦೧೦ರಲ್ಲಿ ಗ್ಲಾಸ್ಗೊ, ೨೦೧೩ರಲ್ಲಿ ಮಾಂಟ್ರಿಯಲ್, ೨೦೧೬ರಲ್ಲಿ ಪೋರ್ಟ್‌ಲಂಡ್, ೨೦೧೯ರಲ್ಲಿ ಜಪಾನಿನ ಕ್ಯೋಟೊ, ೨೦೨೩ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನ ನಗರಗಳಲ್ಲಿ ಅದು ಕೂಡಿತು. ಏಷ್ಯಾ ಖಂಡದಲ್ಲಿ ಅದು ಮೊದಲು ಕೂಡಿದ್ದು ಕ್ಯೋಟೊ ನಗರದಲ್ಲಿ, ೨೦೧೯ರ ಜೂನ್ ೪ರಿಂದ ೭ರವರೆಗೆ. ವೈದ್ಯರ ಸಮ್ಮೇಳನಗಳು ಲೋಕದಲ್ಲಿ ಹೊಸವೇನಲ್ಲ. ಅವುಗಳಲ್ಲಿ ರೋಗಿಯು ಚರ್ಚೆಯ ವಿಷಯವಾಗಿರುತ್ತಾನೆಯೇ ಹೊರತು ಚರ್ಚಿಸುವವನಾಗಿರುವುದಿಲ್ಲ. ಈ ಸಮ್ಮೇಳನದ ವೈಶಿಷ್ಟ್ಯವೆಂದರೆ ಇದರಲ್ಲಿ ಪ್ರಯೋಗಶಾಲೆಯ ವಿಜ್ಞಾನಿ, ಚಿಕಿತ್ಸೆ ಮಾಡುವ ವೈದ್ಯ, ದಾದಿ, ಅಂಗವ್ಯಾಯಾಮ ಕಲಿಸುವವರು, ವ್ಯಾಧಿಯುಳ್ಳವರು ಹಾಗೂ ಅವರ ಕೈಹಿಡಿದು ನಡೆಸುವ ಮಡದಿಮಕ್ಕಳು ಎಲ್ಲರೂ ಒಂದೇ ಸಭಾಮಂದಿರದಲ್ಲಿ ಕುಳಿತುಕೊಳ್ಳುತ್ತಾರೆ. ವೇದಿಕೆಯ ಮೇಲೆ ಪಂಡಿತನ ಪಕ್ಕದಲ್ಲಿ ವ್ಯಾಧಿಯುಳ್ಳವನು ಕುಳಿತು ತನ್ನ ಅನುಭವವನ್ನು ನಿರೂಪಿಸುತ್ತಾನೆ. ದಣಿದವರು ಮೌನವಾಗಿ ವಿಶ್ರಮಿಸಲು ಕೋಣೆಗಳಿರುತ್ತವೆ; ಯೋಗ, ನೃತ್ಯ, ವ್ಯಾಯಾಮಗಳಿಗೆ ಎಡೆಯಿರುತ್ತದೆ.

ಅಂತಹ ಸ್ಥಳಕ್ಕೆ ಬಂದವನಿಗೆ ಆಗುವ ಮೊದಲ ಲಾಭ ವಿದ್ಯೆಯಲ್ಲ, ಬಿಡುಗಡೆ. ಹೊರಲೋಕದಲ್ಲಿ ಅವನು ಕ್ಷಣಕ್ಷಣಕ್ಕೂ ತನ್ನನ್ನು ವಿವರಿಸಿಕೊಳ್ಳಬೇಕು. ನಗದ ಮುಖವನ್ನು ಕಂಡವರು ಇವನಿಗೆ ಸಿಟ್ಟು ಬಂದಿದೆಯೆಂದು ತಿಳಿಯುತ್ತಾರೆ. ಓಲಾಡುವ ನಡಿಗೆಯನ್ನು ಕಂಡವರು ಕುಡಿದಿದ್ದಾನೆಂದು ಹಳಿಯುತ್ತಾರೆ. ಅಂಗಡಿಯಲ್ಲಿ ಹಣ ಎಣಿಸಲು ತಡವಾದರೆ ಹಿಂದೆ ನಿಂತವರು ಗೊಣಗುತ್ತಾರೆ. ಮಾತು ಮೆಲ್ಲಗಾದರೆ ಪಕ್ಕದಲ್ಲಿರುವ ಮಗನನ್ನೇ ಕೇಳುತ್ತಾರೆ, ಇವನನ್ನು ಕೇಳುವುದಿಲ್ಲ. ಸಮ್ಮೇಳನದ ಅಂಗಳದಲ್ಲಿ ಇದಾವುದೂ ಇಲ್ಲ. ಬಾಗಿಲ ಬಳಿ ಒಬ್ಬನ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತರೆ ಹಿಂದಿನವನು ತಳ್ಳುವುದಿಲ್ಲ. ಏನಾಯಿತೆಂದು ಅವನು ಬಲ್ಲ. ಭಾಷಣದ ನಡುವೆ ಗುಳಿಗೆಯ ವೇಳೆಯಾಗಿ ಒಬ್ಬನು ಡಬ್ಬಿ ತೆರೆದರೆ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರ ಕೈಗಳೂ ನಡುಗುವಲ್ಲಿ ಯಾರ ಕೈಯೂ ವಿಶೇಷವಲ್ಲ. ವರ್ಷಗಟ್ಟಲೆ ಹೊತ್ತ ನಾಚಿಕೆಯ ಹೊರೆಯನ್ನು ಇಳಿಸುವುದಕ್ಕೆ ಯಾವ ಉಪದೇಶವೂ ಬೇಕಾಗಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಆದರೆ ಪೂರ್ವಪಕ್ಷವನ್ನು ಅಲಕ್ಷಿಸಲಾಗದು. ವ್ಯಾಧಿ ಇದೆಯೆಂದು ನಿನ್ನೆ ಮೊನ್ನೆ ತಿಳಿದವನೊಬ್ಬನನ್ನು ಭಾವಿಸೋಣ. ಅವನಿಗೆ ಬಲಗೈಯ ಒಂದು ಬೆರಳು ಮಾತ್ರ ನಡುಗುತ್ತದೆ. ಸಮ್ಮೇಳನಕ್ಕೆ ಬಂದ ಅವನು ಗಾಲಿಕುರ್ಚಿಯಲ್ಲಿ ಕುಳಿತವನನ್ನು ಕಾಣುತ್ತಾನೆ. ದೀರ್ಘಕಾಲದ ಔಷಧಸೇವನೆಯಿಂದ ಮೈಯೆಲ್ಲ ತಾನೇ ತಾನಾಗಿ ಬಳುಕಾಡುವವನನ್ನು ಕಾಣುತ್ತಾನೆ. ಮಡದಿಯು ತುತ್ತು ಮಾಡಿ ಉಣಿಸುವ ಹಿರಿಯನನ್ನು ಕಾಣುತ್ತಾನೆ. ಹತ್ತು ವರ್ಷದ ಮೇಲೆ ತನ್ನ ಗತಿ ಇದೇ ಎಂದು ಅವನ ಎದೆ ನಡುಗುತ್ತದೆ. ಎಷ್ಟೋ ಮಂದಿ ಈ ಕಾರಣದಿಂದಲೇ ಇಂತಹ ಕೂಟಗಳಿಗೆ ಹೋಗಲು ಒಲ್ಲೆನೆನ್ನುತ್ತಾರೆ. ಅವರನ್ನು ಹೇಡಿಗಳೆನ್ನುವುದು ಸಲ್ಲದು. ಭಯವು ಸಹಜವಾದುದು; ತನ್ನ ಮನಸ್ಸಿನ ತ್ರಾಣವನ್ನು ಅರಿತು ಕೆಲಕಾಲ ದೂರವಿರುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಬಲವಂತದ ಸಂಗವು ಸಂಗವೇ ಅಲ್ಲ. ಆದರೂ ಈ ಭಯದ ಬೇರನ್ನು ಬಿಡಿಸಿ ನೋಡಬೇಕು.

ಭಯದ ಒಂದು ಭಾಗ ಅಜ್ಞಾನ. ಈ ವ್ಯಾಧಿಯು ಎಲ್ಲರಲ್ಲಿಯೂ ಒಂದೇ ದಾರಿಯಲ್ಲಿ ಸಾಗುವುದಿಲ್ಲ. ಒಬ್ಬನಲ್ಲಿ ನಡುಕವೇ ಪ್ರಧಾನವಾದರೆ ಇನ್ನೊಬ್ಬನಲ್ಲಿ ನಡುಕವೇ ಇರದು. ಒಬ್ಬನಿಗೆ ನಲವತ್ತರ ಒಳಗೆ ಬಂದರೆ ಇನ್ನೊಬ್ಬನಿಗೆ ಎಪ್ಪತ್ತು ದಾಟಿದ ಮೇಲೆ ಬರುತ್ತದೆ. ಒಬ್ಬನಲ್ಲಿ ಅದು ಬಹು ನಿಧಾನವಾಗಿ ಸಾಗಿದರೆ ಇನ್ನೊಬ್ಬನಲ್ಲಿ ಬೇಗನೆ ಸಾಗುತ್ತದೆ. ಆದ್ದರಿಂದ ಎದುರಿಗೆ ಕುಳಿತವನ ದೇಹದಲ್ಲಿ ತನ್ನ ನಾಳೆಯನ್ನು ಓದಲು ಹೊರಡುವುದು ಬೇರೆಯವನ ಅಂಗೈಯ ರೇಖೆಯನ್ನು ನೋಡಿ ತನ್ನ ಭವಿಷ್ಯ ಹೇಳಿಕೊಂಡಂತೆ.

ಭಯದ ಇನ್ನೊಂದು ಭಾಗ ಅಜ್ಞಾನಕ್ಕಿಂತ ಆಳವಾದುದು; ಅದು ನೀತಿಯ ಕ್ಷೇತ್ರಕ್ಕೆ ಸೇರಿದುದು. ಗಾಲಿಕುರ್ಚಿಯಲ್ಲಿ ಕುಳಿತವನನ್ನು ಕಂಡು ಬೆಚ್ಚಿದವನು ವಾಸ್ತವವಾಗಿ ಆ ಮನುಷ್ಯನನ್ನು ನೋಡಿಯೇ ಇಲ್ಲ. ಅವನಲ್ಲಿ ಒಂದು ಅಪಶಕುನವನ್ನು ನೋಡಿದ್ದಾನೆ. ಹಸಿದ ಸರ್ಪಕ್ಕೆ ಹೆದರುವುದು ಬೇರೆ, ಎದುರು ಬಂದ ವಿಧವೆಗೆ ಹೆದರುವುದು ಬೇರೆ. ಎರಡನೆಯದರಲ್ಲಿ ಒಬ್ಬ ದುಃಖಿಯ ದುಃಖವು ಇನ್ನೊಬ್ಬನ ಸುಖಕ್ಕೆ ಅಡ್ಡವೆಂದು ಎಣಿಸಲ್ಪಡುತ್ತದೆ. ಹನ್ನೆರಡನೆಯ ಶತಮಾನದ ಶರಣರು ಶಕುನ, ಮುಹೂರ್ತಗಳ ನಂಬಿಕೆಯನ್ನು ಏಕೆ ನಿರಾಕರಿಸಿದರೆಂಬುದನ್ನು ಇಲ್ಲಿ ನೆನೆಯಬಹುದು. ಅದು ವಿಚಾರಶಕ್ತಿಗೆ ವಿರುದ್ಧವೆಂಬುದು ಒಂದು ಕಾರಣ; ಮನುಷ್ಯನನ್ನು ಮನುಷ್ಯನನ್ನಾಗಿ ನೋಡಗೊಡದೆ ಕೇವಲ ಸೂಚನೆಯನ್ನಾಗಿ ಮಾಡುತ್ತದೆಂಬುದು ಅದಕ್ಕಿಂತ ಹಿರಿದಾದ ಕಾರಣ. ಗಾಲಿಕುರ್ಚಿಯವನಿಗೂ ಒಂದು ಹೆಸರಿದೆ, ಊರಿದೆ, ಒಂದು ಕಾಯಕವಿತ್ತು, ಹಾಸ್ಯಪ್ರಜ್ಞೆಯೂ ಇದೆ. ಅವನು ಸಮುದ್ರ ದಾಟಿ ಬಂದಿರುವುದು ಹೊಸಬರಿಗೆ ಎಚ್ಚರಿಕೆಯ ಫಲಕವಾಗಿ ನಿಲ್ಲುವುದಕ್ಕಲ್ಲ. ಅವನ ಪಕ್ಕದಲ್ಲಿ ಕುಳಿತು ಅರ್ಧ ಗಳಿಗೆ ಮಾತನಾಡಿದವನಿಗೆ ಶಕುನ ಮಾಯವಾಗಿ ಮನುಷ್ಯ ಕಾಣುತ್ತಾನೆ. ಭಯವು ಆಗ ಪೂರ್ತಿ ಹೋಗದಿದ್ದರೂ ಅದರ ವಿಷ ಹೋಗುತ್ತದೆ. ಏಕೆಂದರೆ ಅಂತಹ ಸ್ಥಿತಿಯಲ್ಲಿಯೂ ಒಬ್ಬನು ಮನುಷ್ಯನಾಗಿಯೇ ಉಳಿದಿದ್ದಾನೆಂಬುದು ಕಣ್ಣಿಗೆ ಕಂಡಿರುತ್ತದೆ.

ಹೀಗೆ ಮುಂದೆ ನಡೆದವನು ಹಿಂದೆ ಬರುವವನಿಗೆ ಗುರುವಾಗುತ್ತಾನೆ. ಈ ವ್ಯಾಧಿಯಲ್ಲಿ ನಡೆಯುವಾಗ ಕಾಲು ಹಠಾತ್ತಾಗಿ ನೆಲಕ್ಕೆ ಕೀಲಿಸಿದಂತಾಗುವುದುಂಟು. ಬಾಗಿಲ ಹೊಸ್ತಿಲು, ಇಕ್ಕಟ್ಟಾದ ಸ್ಥಳ, ಅವಸರ ಇವು ಅದನ್ನು ಹೆಚ್ಚಿಸುತ್ತವೆ. ಆಶ್ಚರ್ಯವೆಂದರೆ, ಸಮನೆಲದ ಮೇಲೆ ಒಂದು ಹೆಜ್ಜೆ ಇಡಲಾರದವನು ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದರೆ ಅವುಗಳನ್ನು ದಾಟುತ್ತ ನಡೆಯಬಲ್ಲನು. ಮೆಟ್ಟಿಲನ್ನು ಸರಾಗವಾಗಿ ಹತ್ತಬಲ್ಲನು. ಹಾಡಿನ ತಾಳಕ್ಕೆ ಹೆಜ್ಜೆ ಹಾಕಬಲ್ಲನು. ತಾನೇ ತಾನಾಗಿ ಸಾಗುತ್ತಿದ್ದ ನಡಿಗೆಯ ದಾರಿ ಮುಚ್ಚಿದಾಗ, ಗಮನವಿಟ್ಟು ಮಾಡುವ ಕ್ರಿಯೆಯ ಬೇರೊಂದು ದಾರಿ ತೆರೆದಿರುತ್ತದೆ. ಹಾಲೆಂಡಿನ ವೈದ್ಯ ಬಾಸ್ಟಿಯಾನ್ ಬ್ಲೂಮ್ ಮತ್ತವರ ಸಂಗಡಿಗರು ೨೦೧೦ರಲ್ಲಿ ೫೮ ವರ್ಷದ ಒಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಅವನು ಕೆಲವು ಹೆಜ್ಜೆ ನಡೆಯುವಷ್ಟರಲ್ಲಿ ಮುಗ್ಗರಿಸುತ್ತಿದ್ದನು. ಆದರೆ ಸೈಕಲ್ಲಿನ ಮೇಲೆ ಕುಳಿತರೆ ಯಾವ ತೊಡಕೂ ಇಲ್ಲದೆ ಸಾಗುತ್ತಿದ್ದನು. ತಾನು ದಿನವೂ ಮೈಲಿಗಟ್ಟಲೆ ಸೈಕಲ್ ತುಳಿಯುತ್ತೇನೆಂದು ಆ ರೋಗಿಯೇ ಹೇಳಿದಾಗ ವೈದ್ಯರು ಬೆರಗಾದರು. ಮಾತನಾಡಲು ಅವಕಾಶ ದೊರೆತರೆ ರೋಗಿಯು ವೈದ್ಯನಿಗೂ ಪಾಠ ಹೇಳಬಲ್ಲನೆಂಬುದಕ್ಕೆ ಇದು ನಿದರ್ಶನ.

ಇದಕ್ಕಿಂತ ಮಿಗಿಲಾದ ನಿದರ್ಶನವೊಂದುಂಟು. ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಜಾಯ್ ಮಿಲ್ನ್ ಎಂಬಾಕೆ ದಾದಿಯಾಗಿದ್ದವಳು. ಅವಳ ಪತಿ ವೈದ್ಯ. ಪತಿಯ ಮೈಯ ವಾಸನೆ ಬದಲಾಗಿದೆಯೆಂದು ಅವಳಿಗೆ ಎಂದೋ ತೋರಿತ್ತು. ಅದಾದ ಎಷ್ಟೋ ವರ್ಷಗಳ ಮೇಲೆ ಅವನಿಗೆ ಪಾರ್ಕಿನ್‌ಸನ್ ವ್ಯಾಧಿ ಇರುವುದು ಗೊತ್ತಾಯಿತು. ಆದರೂ ಅವಳು ಆ ಎರಡನ್ನೂ ಜೋಡಿಸಿರಲಿಲ್ಲ. ಗಂಡಹೆಂಡಿರು ಒಮ್ಮೆ ವ್ಯಾಧಿಯುಳ್ಳವರ ಕೂಟವೊಂದಕ್ಕೆ ಹೋದರು. ಅಲ್ಲಿ ಕುಳಿತಿದ್ದವರ ಮೈಯಿಂದಲೂ ಅದೇ ವಾಸನೆ ಬರುತ್ತಿರುವುದು ಅವಳ ಅರಿವಿಗೆ ಬಂದಿತು. ೨೦೧೨ರಲ್ಲಿ ಒಂದು ಸಾರ್ವಜನಿಕ ಉಪನ್ಯಾಸದಲ್ಲಿ ಅವಳು ಎಡಿನ್‌ಬರೋ ವಿಶ್ವವಿದ್ಯಾನಿಲಯದ ವಿಜ್ಞಾನಿ ಟಿಲೋ ಕುನಾತ್ ಅವರನ್ನು ಈ ವಾಸನೆಯ ವಿಷಯವಾಗಿ ಪ್ರಶ್ನಿಸಿದಳು. ಮೊದಲು ಅರ್ಥವಾಗದಿದ್ದರೂ ಬಳಿಕ ಅವರು ಪರೀಕ್ಷೆ ನಡೆಸಿದರು. ವ್ಯಾಧಿಯುಳ್ಳ ಆರು ಮಂದಿ, ಇಲ್ಲದ ಆರು ಮಂದಿ ತೊಟ್ಟ ಅಂಗಿಗಳನ್ನು ಅವಳಿಗೆ ಮೂಸಲು ಕೊಡಲಾಯಿತು. ವ್ಯಾಧಿಯುಳ್ಳ ಆರು ಮಂದಿಯನ್ನೂ ಅವಳು ಸರಿಯಾಗಿ ಗುರುತಿಸಿದಳು. ವ್ಯಾಧಿಯಿಲ್ಲದವರಲ್ಲಿ ಒಬ್ಬನಿಗೂ ಅದು ಇದೆಯೆಂದು ಹಟ ಹಿಡಿದಳು. ಕೆಲವೇ ತಿಂಗಳಲ್ಲಿ ಅವನಿಗೂ ವ್ಯಾಧಿ ಇರುವುದು ಸಿದ್ಧವಾಯಿತು. ಅಂದಿನಿಂದ ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞರು ಚರ್ಮದ ಮೇದಸ್ಸಿನಲ್ಲಿರುವ ಆ ವಾಸನೆಯ ಮೂಲವಸ್ತುಗಳನ್ನು ಶೋಧಿಸಿ, ವ್ಯಾಧಿಯನ್ನು ಬೇಗ ಗುರುತಿಸುವ ಮಾರ್ಗವನ್ನು ಹುಡುಕುತ್ತಿದ್ದಾರೆ. ಈ ವೃತ್ತಾಂತದಲ್ಲಿ ಮನಸ್ಸಿಗೆ ನಾಟಬೇಕಾದ ಅಂಶವೆಂದರೆ, ಮನೆಯ ನಾಲ್ಕು ಗೋಡೆಗಳೊಳಗೆ ಒಬ್ಬನ ವಾಸನೆ ಕೇವಲ ಅವನ ವಾಸನೆಯಾಗಿತ್ತು. ಹಲವರು ಕೂಡಿದಲ್ಲಿ ಅದು ಜ್ಞಾನವಾಯಿತು. ಆ ದಂಪತಿಗಳು ನಾಚಿಕೆಯಿಂದ ಮನೆಯಲ್ಲಿಯೇ ಉಳಿದಿದ್ದರೆ ಲೋಕವು ಇದನ್ನು ಅರಿಯುತ್ತಿತ್ತೇ?

ಪ್ರಯೋಗಶಾಲೆಯ ಜ್ಞಾನವನ್ನು ಇದರಿಂದ ಕಡೆಗಣಿಸಿದಂತಾಗಬಾರದು. ನಸುಗುನ್ನಿಯ ಕಾಯಿ ಮೈಗೆ ತಾಗಿದರೆ ತುರಿಸುತ್ತದೆಂಬುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಅದರ ಬೀಜದಿಂದ ಲೆವೊಡೋಪ ಎಂಬ ವಸ್ತುವನ್ನು ೧೯೩೭ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದರು. ಅದರಿಂದ ಈ ವ್ಯಾಧಿಗೆ ಪ್ರಯೋಜನವುಂಟೆಂಬುದು ಆಗ ಆಧುನಿಕ ವಿಜ್ಞಾನಕ್ಕೆ ತಿಳಿದಿರಲಿಲ್ಲ. ೧೯೫೭ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ನರು ಡೋಪಮೀನಿನ ಮಹತ್ವವನ್ನು ತೋರಿಸಿದರು. ೧೯೬೦ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ಚರು ವ್ಯಾಧಿಯಿಂದ ತೀರಿದವರ ಮಿದುಳಿನಲ್ಲಿ ಅದರ ಕೊರತೆಯನ್ನು ಕಂಡರು. ೧೯೬೭ರಲ್ಲಿ ಅಮೆರಿಕದಲ್ಲಿ ಕೋಟ್ಜಿಯಾಸರು ಬಾಯಿಯ ಮೂಲಕ ಕೊಡುವ ಕ್ರಮವನ್ನು ಸ್ಥಾಪಿಸಿದರು. ಇಂದಿಗೂ ಲೆವೊಡೋಪವೇ ಪ್ರಧಾನ ಮದ್ದು. ಹಾಗೆಂದು ನಸುಗುನ್ನಿಯ ಬೀಜವನ್ನು ಸ್ವಂತ ಬುದ್ಧಿಯಿಂದ ತಿನ್ನತೊಡಗುವುದು ಅಪಾಯಕರ. ಪ್ರಮಾಣವನ್ನು ವೈದ್ಯನೇ ನಿರ್ಧರಿಸಬೇಕು. ಶಾಸ್ತ್ರಜ್ಞಾನವು ಮದ್ದನ್ನು ಕೊಟ್ಟಿತು. ಆ ಮದ್ದಿನೊಡನೆ ದಿನವನ್ನು ಹೇಗೆ ಕಳೆಯಬೇಕೆಂಬುದನ್ನು ಅನುಭವವೇ ಹೇಳಬೇಕು. ಕಲ್ಯಾಣದ ಅನುಭವಗೋಷ್ಠಿಯಲ್ಲಿ ಮಡಿವಾಳನೂ ಅಂಬಿಗನೂ ಹಗ್ಗ ಹೊಸೆಯುವವನೂ ಪಂಡಿತರೊಡನೆ ಸರಿಸಮನಾಗಿ ಕುಳಿತುದು, ಬಾಳಿ ಅರಿತ ಅರಿವಿಗೆ ಓದಿ ಅರಿತ ಅರಿವಿನಷ್ಟೇ ಮನ್ನಣೆ ಇದ್ದುದರಿಂದ. ಕಾಲ, ದೇಶ, ಉದ್ದೇಶಗಳು ಬೇರೆಯಾದರೂ ಈ ಸಮ್ಮೇಳನವು ಹಿಡಿದ ದಾರಿ ಸದ್ಭಕ್ತರಿಗೆ ಅಪರಿಚಿತವೆನಿಸದು.

ಈಗ ವಿಷಯದ ಹೃದಯಕ್ಕೆ ಬರಬಹುದು. ದೀರ್ಘವ್ಯಾಧಿಯು ಮನುಷ್ಯನಿಂದ ಕಸಿದುಕೊಳ್ಳುವ ಅತ್ಯಂತ ಬೆಲೆಯುಳ್ಳ ವಸ್ತು ಯಾವುದು? ಕೈಯ ಬಲವಲ್ಲ, ಕಾಲಿನ ವೇಗವಲ್ಲ, ಕೊಡುವ ಭಾಗ್ಯ. ನಿನ್ನೆಯವರೆಗೆ ದುಡಿದು ನಾಲ್ವರಿಗೆ ಅನ್ನವಿಟ್ಟವನು ಇಂದು ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಇನ್ನೊಬ್ಬರ ಮುಖ ನೋಡಬೇಕು. ಮನೆಯವರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೂ ಎಂದೆಂದಿಗೂ ಪಡೆಯುವವನಾಗಿ, ಒಂದು ದಿನವೂ ಕೊಡುವವನಾಗದೆ ಬಾಳುವುದು ಮಾನಿಯಾದವನಿಗೆ ದುಸ್ಸಹ. ಕಾಯಕವೂ ದಾಸೋಹವೂ ಬಾಳಿನ ಎರಡು ಕಣ್ಣುಗಳೆಂದು ನಂಬಿದವನಿಗಂತೂ ಇದು ಎರಡು ಕಣ್ಣುಗಳನ್ನೂ ಕಳೆದುಕೊಂಡಂತೆ. ಸಮದುಃಖಿಗಳ ಕೂಟವು ಈ ಭಾಗ್ಯವನ್ನು ಮರಳಿ ಕೊಡುತ್ತದೆ. ಮನೆಯಲ್ಲಿ ಯಾವುದು ಕೇವಲ ಕಷ್ಟವಾಗಿತ್ತೋ ಅದೇ ಕೂಟದಲ್ಲಿ ಕೊಡಬಹುದಾದ ಬಂಡವಾಳವಾಗುತ್ತದೆ. ಹಾಸಿಗೆಯಲ್ಲಿ ಮಗ್ಗುಲಾಗುವುದು ಹೇಗೆ, ಗುಳಿಗೆಯ ಪ್ರಭಾವ ಇಳಿದ ಗಳಿಗೆಯನ್ನು ಕಳೆಯುವುದು ಹೇಗೆ, ಮೊಮ್ಮಗನಿಗೆ ಇದನ್ನು ತಿಳಿಯಹೇಳುವುದು ಹೇಗೆ ಎಂಬುದನ್ನು ಹತ್ತು ವರ್ಷ ಬಾಳಿದವನು ಹತ್ತು ದಿನದವನಿಗೆ ಹೇಳುತ್ತಾನೆ. ಆ ಕ್ಷಣದಲ್ಲಿ ಅವನು ರೋಗಿಯಲ್ಲ, ದಾಸೋಹಿ. ಅವನ ಕೈ ಇನ್ನೂ ನಡುಗುತ್ತಿರುತ್ತದೆ. ಆದರೆ ಅದು ಕೊಡುವ ಕೈಯಾಗಿರುತ್ತದೆ. ಸಂಗವು ವ್ಯಾಧಿಯನ್ನು ಕಳೆಯದು. ವ್ಯಾಧಿಯು ಕಳೆದುದನ್ನು ತಂದುಕೊಡುತ್ತದೆ.

ತನ್ನ ದುರ್ಬಲತೆಯನ್ನು ನಾಲ್ವರ ಮುಂದೆ ತೋರುವುದು ಕರುಣೆಯನ್ನು ಬೇಡಿದಂತಲ್ಲವೇ ಎಂದು ಕೇಳಬಹುದು. ತೋರುವುದರಲ್ಲಿ ಎರಡು ಬಗೆಯುಂಟು. ತನಗೆ ಏನಾದರೂ ದೊರೆಯಲೆಂದು ತೋರುವುದು ಬೇಡಿಕೆ. ಇತರರಿಗೆ ನಿಜ ತಿಳಿಯಲೆಂದು ತೋರುವುದು ಸಾಕ್ಷ್ಯ. ಮುಷ್ಟಿಯುದ್ಧದ ವೀರ ಮಹಮ್ಮದ್ ಅಲಿ ೧೯೯೬ರಲ್ಲಿ ಅಟ್ಲಾಂಟದ ಒಲಿಂಪಿಕ್ ಕ್ರೀಡೆಗಳ ಜ್ಯೋತಿಯನ್ನು ನಡುಗುವ ಕೈಯಿಂದಲೇ ಬೆಳಗಿಸಿದನು. ಚಿತ್ರನಟ ಮೈಕೇಲ್ ಜೆ. ಫಾಕ್ಸ್‌ಗೆ ೧೯೯೧ರಲ್ಲಿ, ಮೂವತ್ತು ತುಂಬುವ ಮೊದಲೇ, ಈ ವ್ಯಾಧಿ ಇರುವುದು ತಿಳಿಯಿತು. ಏಳು ವರ್ಷ ಅದನ್ನು ಜನರಿಂದ ಮುಚ್ಚಿಟ್ಟು ೧೯೯೮ರಲ್ಲಿ ಪ್ರಕಟಿಸಿದನು. ೧೯೯೯ರಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ ಹೇಳಿಕೆ ಕೊಡುವಾಗ, ವ್ಯಾಧಿಯ ನಿಜರೂಪವನ್ನು ಶಾಸಕರು ಕಾಣಲೆಂದು ಉದ್ದೇಶಪೂರ್ವಕವಾಗಿ ಗುಳಿಗೆಯನ್ನು ತೆಗೆದುಕೊಳ್ಳದೆ ಹೋದನು. ಇದು ಎಲ್ಲರೂ ಅನುಸರಿಸಬೇಕಾದ ವಿಧಿಯಲ್ಲ. ವೈದ್ಯನ ಮಾತಿಲ್ಲದೆ ಗುಳಿಗೆ ಬಿಡುವುದು ಅಪಾಯವೂ ಹೌದು. ಮೌನವಾಗಿ ಸಹಿಸುವವನು ಸಾಕ್ಷಿ ನುಡಿಯುವವನಿಗಿಂತ ಕೀಳಲ್ಲ. ಆದರೆ ಮರೆಯಿಂದ ಹೊರಬರುವ ಒಬ್ಬೊಬ್ಬನೂ ಹಿಂದೆ ಬರುವವರಿಗೆ ದಾರಿಯನ್ನು ಸ್ವಲ್ಪ ಅಗಲಮಾಡುತ್ತಾನೆಂಬುದು ನಿರ್ವಿವಾದ.

ಪರಿಚರ್ಯೆ ಮಾಡುವವರ ಮಾತನ್ನು ಮರೆಯಬಾರದು. ವ್ಯಾಧಿ ಒಬ್ಬನ ದೇಹದಲ್ಲಿದ್ದರೂ ಅದರ ಭಾರವನ್ನು ಇಬ್ಬರು ಹೊರುತ್ತಾರೆ. ರಾತ್ರಿ ನಾಲ್ಕು ಸಲ ಎದ್ದು ಮಗ್ಗುಲಾಗಿಸುವ ಮಡದಿಯ ನಿದ್ರೆಯನ್ನು ಯಾರೂ ಲೆಕ್ಕವಿಡುವುದಿಲ್ಲ. ಅವಳಿಗೆ ಬೇಸರ ಬರುವುದಿಲ್ಲವೆಂದು ಹೇಳುವುದು ಸುಳ್ಳು. ಬೇಸರ ಬಂದುದಕ್ಕಾಗಿ ಅವಳು ತನ್ನನ್ನೇ ಪಾಪಿಯೆಂದು ತಿಳಿಯುವುದು ಇನ್ನೂ ದೊಡ್ಡ ದುಃಖ. ಸಮ್ಮೇಳನಗಳಲ್ಲಿ ಪರಿಚಾರಕರು ತಮ್ಮವರೊಡನೆ ಕುಳಿತು ಮಾತನಾಡಲು ಬೇರೆ ಎಡೆಯನ್ನು ಕಲ್ಪಿಸಿರುವುದು ವಿವೇಕದ ಕೆಲಸ. ತನ್ನಂತೆಯೇ ದಣಿದ ಇನ್ನೊಬ್ಬಳನ್ನು ಕಂಡಾಗ ತನ್ನ ದಣಿವು ಪಾಪವಲ್ಲ, ಮನುಷ್ಯಸಹಜವೆಂಬುದು ಅವಳಿಗೆ ತಿಳಿಯುತ್ತದೆ. ಸೇವೆ ಮಾಡುವವನಿಗೂ ಸೇವೆ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸತ್ಯವನ್ನು ಒಪ್ಪಬೇಕು. ಕ್ಯೋಟೊಗೋ ಬಾರ್ಸಿಲೋನಕ್ಕೋ ಹೋಗಿ ಬರಲು ಹಣ ಬೇಕು, ಜೊತೆಗೊಬ್ಬರು ಬೇಕು, ದೀರ್ಘ ಪ್ರಯಾಣವನ್ನು ತಡೆಯುವ ಮೈ ಬೇಕು. ಯಾರಿಗೆ ಸಂಗವು ಅತ್ಯಗತ್ಯವೋ ಅವರೇ ಅಲ್ಲಿಗೆ ತಲುಪಲಾರರು. ಆದರೆ ಸಂಗದ ಫಲವು ಕೂಟದ ಗಾತ್ರವನ್ನು ಅವಲಂಬಿಸಿಲ್ಲ. ಭಾರತದಲ್ಲಿ ೨೦೦೧ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಪಾರ್ಕಿನ್‌ಸನ್ ವ್ಯಾಧಿಗ್ರಸ್ತರ ಸಂಸ್ಥೆಯು ಹಲವು ಊರುಗಳಲ್ಲಿ ಇಂತಹ ಚಿಕ್ಕ ಕೂಟಗಳನ್ನು ನಡೆಸುತ್ತ ಬಂದಿದೆ. ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳುಂಟು. ಆದರೆ ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ಇದನ್ನು ಮುಪ್ಪಿನ ನಡುಕವೆಂದೋ ಯಾರದೋ ಶಾಪವೆಂದೋ ತಿಳಿದು ಸುಮ್ಮನಿರುವುದುಂಟು. ಮುಪ್ಪೆಲ್ಲ ನಡುಕವಲ್ಲ, ನಡುಕವೆಲ್ಲ ಈ ವ್ಯಾಧಿಯೂ ಅಲ್ಲ. ವೈದ್ಯನಿಗೆ ತೋರಿಸಿಯೇ ನಿರ್ಣಯಿಸಬೇಕು. ಶಾಪವೆಂಬ ಮಾತಂತೂ ನೊಂದವನನ್ನು ಅಪರಾಧಿಯನ್ನಾಗಿ ಮಾಡುವ ಕ್ರೌರ್ಯ. ಒಂದು ಊರಿನಲ್ಲಿ ಈ ವ್ಯಾಧಿಯುಳ್ಳ ಮೂವರಿದ್ದು, ಅವರು ತಿಂಗಳಿಗೊಮ್ಮೆ ಒಬ್ಬರ ಜಗುಲಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಕೂಡಿದರೆ ಅದೂ ಸಮ್ಮೇಳನವೇ.

ಅವರಿಗೆ ಎಡೆ ಮಾಡಿಕೊಡುವುದು ಗೃಹಸ್ಥರ ಹೊಣೆ. ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಪಂಕ್ತಿಯಲ್ಲಿ ಅಂತಹವರು ಕುಳಿತಾಗ ಲೋಟವನ್ನು ಅರ್ಧ ತುಂಬಿದರೆ ಸಾಕು. ಚೆಲ್ಲಿದರೆ ಕಾಣದಂತಿದ್ದರೆ ಸಾಕು. ಅವರು ಮಾತು ಮುಗಿಸುವವರೆಗೆ ಕಾಯಬೇಕು. ಅವರ ಪರವಾಗಿ ಇನ್ನೊಬ್ಬರು ಉತ್ತರ ಹೇಳಬಾರದು. ಬೇಳೆ, ಹಾಲು ಮುಂತಾದ ಸಸಾರಜನಕ ಹೆಚ್ಚಿರುವ ಆಹಾರವು ಲೆವೊಡೋಪದ ಗುಳಿಗೆ ಮೈಗೆ ಹತ್ತುವುದಕ್ಕೆ ಕೆಲವರಲ್ಲಿ ಅಡ್ಡಿ ಮಾಡುವುದರಿಂದ, ವೈದ್ಯನು ಹೇಳಿದ ಗುಳಿಗೆಯ ವೇಳೆಗೆ ಊಟದ ವೇಳೆಯನ್ನು ಹೊಂದಿಸಿಕೊಳ್ಳಬೇಕು. ಸ್ತಬ್ಧವಾದ ಮುಖದ ಹಿಂದೆ ಸ್ತಬ್ಧವಲ್ಲದ ಮನಸ್ಸಿದೆಯೆಂಬುದನ್ನು ಮರೆಯಬಾರದು. ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸುವ ಹಿರಿಯರೊಬ್ಬರ ಕೈ ನಡುಗಿದರೆ, ಪೂಜೆ ಕೆಟ್ಟಿತೆಂದು ಅವರು ಮರುಗುವುದುಂಟು. ಕೆಟ್ಟುದೇನೂ ಇಲ್ಲವೆಂದು ಅವರಿಗೆ ಧೈರ್ಯ ಹೇಳಬೇಕು. ಬೇಕಾದರೆ ಕೆಳಗಿನಿಂದ ಇನ್ನೊಂದು ಕೈಯನ್ನು ಆಸರೆಯಾಗಿ ಹಿಡಿಯಬೇಕು. ಸ್ಥಿರವಾಗಿರಬೇಕಾದುದು ನಿಷ್ಠೆಯೇ ಹೊರತು ಸ್ನಾಯುವಲ್ಲ.

ದೇಹವು ಒಂದು ದಿನ ಎಲ್ಲರ ಮಾತನ್ನೂ ಮೀರುತ್ತದೆ. ಕೆಲವರಿಗೆ ಆ ದಿನ ಬೇಗ ಬರುತ್ತದೆ, ಅಷ್ಟೇ ವ್ಯತ್ಯಾಸ. ಅಂದು ಮನುಷ್ಯನ ಮುಂದೆ ಎರಡು ಬಾಗಿಲುಗಳಿರುತ್ತವೆ. ಒಂದು ಮರೆಯ ಬಾಗಿಲು. ಅದರೊಳಗೆ ನಾಚಿಕೆ ಬೆಳೆಯುತ್ತದೆ, ಅರಿವು ಬೆಳೆಯುವುದಿಲ್ಲ. ಇನ್ನೊಂದು ಸಂಗದ ಬಾಗಿಲು. ಅದನ್ನು ದಾಟುವಾಗ ಭಯವಿದ್ದೇ ಇರುತ್ತದೆ. ಒಳಗೆ ಕುಳಿತವರನ್ನು ತನ್ನ ಭವಿಷ್ಯದ ಶಕುನವೆಂದು ನೋಡದೆ ತನ್ನಂತಹ ಮನುಷ್ಯರೆಂದು ನೋಡಬಲ್ಲವನಿಗೆ ಅಲ್ಲಿ ಪಡೆಯುವುದೂ ಉಂಟು, ಕೊಡುವುದೂ ಉಂಟು. ಆ ಬಾಗಿಲನ್ನು ತೆರೆದಿಡುವುದು ಮೈ ಗಟ್ಟಿಯಿರುವವರ ಕರ್ತವ್ಯ. ದಾಟಿ ಬರುವುದು, ಬರಬೇಕೆನಿಸಿದ ದಿನ, ನೊಂದವರ ಸ್ವಾತಂತ್ರ್ಯ.